ಅಡವಿಟ್ಟ ಆಮೆಯ ಖರ್ಚು

ನಮ್ಮ ಸೋದರಮಾವ ಟೇಲರ್. ಅವರ ಅಂಗಡಿಯ ಗೋಡೆಯ ಮೇಲೆ ಒಂದೇ ಒಂದು ಬೋರ್ಡು: ‘ಮೂರು ತಿಂಗಳಾದರೂ ಒಯ್ಯದ ಬಟ್ಟೆಗೆ ನಾವು ಜವಾಬ್ದಾರರಲ್ಲ.’ ಅದು ಗಿರಾಕಿಗಳನ್ನು ಹೆದರಿಸಲು ಬರೆಸಿದ್ದು, ಅಷ್ಟೇ. ಒಯ್ಯದ ಬಟ್ಟೆಗಳೆಲ್ಲ ನಂಬರಿನ ಚೀಟಿ ಹೊತ್ತು ಬೀರುವಿನಲ್ಲಿ ಹಾಗೇ ಇವೆ. ಅದರಲ್ಲಿ ಒಬ್ಬ ಹುಡುಗನ ಚಡ್ಡಿಯೂ ಇದೆ; ಆ ಹುಡುಗನಿಗೆ ಈಗ ತಲೆ ಬೋಳಾಗಿದೆ. ಬೇರೆಯವರ ವಸ್ತು ಎಂದರೆ ಮಾವನಿಗೆ ಅಷ್ಟು ಭಯ. ಬೇರೆಯವರ ದುಡ್ಡು ಎಂದರೆ ಭಯವಿಲ್ಲ, ಸಂಕೋಚವೂ ಇಲ್ಲ. ಹೊಲಿಗೆಯ ಬಾಕಿಯಲ್ಲಿ ಅವರು ಸ್ವಂತ ಅಕ್ಕನಿಗೇ, ಅಂದರೆ ನನ್ನ ಅಮ್ಮನಿಗೇ, ಒಂದು ಕಾಸು ಬಿಟ್ಟವರಲ್ಲ.

ಅಂಥವರ ಹತ್ತಿರ ಒಬ್ಬ ಮದುವೆಯ ಸೂಟು ಹೊಲಿಸಿದ. ಒಯ್ಯಲು ಬಂದಾಗ ಕೈಯಲ್ಲಿ ಅರ್ಧ ದುಡ್ಡು.

“ಅಣ್ಣ, ನಾಳೆ ಮದುವೆ. ಉಳಿದಿದ್ದು ಎರಡು ದಿನದಲ್ಲಿ ಕೊಡ್ತೀನಿ.”

“ಹಾಗಾದ್ರೆ ಸೂಟೂ ಎರಡು ದಿನ ಬಿಟ್ಟು ತಗೊಂಡು ಹೋಗಿ.”

ಅವನು ಮನೆಗೆ ಓಡಿ, ಒಂದು ಪ್ಲಾಸ್ಟಿಕ್ ಡಬ್ಬಿ ತಂದು ಮೇಜಿನ ಮೇಲಿಟ್ಟ. ಒಳಗೆ ಎರಡು ಬೆರಳು ನೀರು, ನೀರಿನಲ್ಲಿ ಕೋಟಿನ ಗುಂಡಿಯಷ್ಟು ದೊಡ್ಡ ಹಸಿರು ಆಮೆ. “ಇದನ್ನ ಅಡ ಇಟ್ಕೊಳ್ಳಿ ಅಣ್ಣ. ಬಂದು ಬಿಡಿಸ್ಕೊಂಡು ಹೋಗ್ತೀನಿ.” ಕನಿಕರ ಬಂದು ಒಪ್ಪಿಕೊಂಡೆ ಎಂದು ಮಾವ ಹೇಳುತ್ತಾರೆ. ಕನ್ನಡಕ ಹಾಕಿರಲಿಲ್ಲ, ಏನೋ ಹರಳು ಅಂದುಕೊಂಡರು ಎಂದು ಅತ್ತೆ ಹೇಳುತ್ತಾರೆ. ನಾನು ಅತ್ತೆಯ ಪಕ್ಷ. ಅಂತೂ ಡಬ್ಬಿಗೂ ಒಂದು ನಂಬರಿನ ಚೀಟಿ ಅಂಟಿತು. ಸೂಟು ಮದುವೆಗೆ ಹೋಯಿತು, ಸೂಟಿನವನು ಊರು ಬಿಟ್ಟುಹೋದ.

ಸಾಕುಮೀನು ಮಾರುವ ಅಂಗಡಿಯವನು ಆಮೆಯ ಖರ್ಚು ವಿವರಿಸಿದ ದಿನ ಮಾವ ಅಲ್ಲೇ ಸ್ಟೂಲು ಕೇಳಿ ಪಡೆದು ಕೂತರಂತೆ. ಗಾಜಿನ ತೊಟ್ಟಿ, ನೀರು ಸೋಸುವ ಯಂತ್ರ, ಮೈ ಒಣಗಿಸಿಕೊಳ್ಳಲು ಕಲ್ಲು, ಕಾಳಿನಂಥ ತಿಂಡಿ. ಬೆಚ್ಚಗಿರಲು ಒಂದು ದೀಪ, ಚಿಪ್ಪು ಗಟ್ಟಿಯಾಗಲು ಇನ್ನೊಂದು.

“ಒಂದು ಆಮೆಗೆ ಎರಡು ದೀಪ ಯಾಕ್ರೀ? ನಾನು ಒಂದೇ ದೀಪದಲ್ಲಿ ಕೋಟು ಹೊಲೀತೀನಿ.”

“ನಿಮಗೆ ಚಿಪ್ಪಿಲ್ವಲ್ಲ ಸಾರ್. ಆಮೇಲೆ, ಆ ಎರಡನೇದು ಉರೀತಾ ಇದ್ರೂ ವರ್ಷಕ್ಕೊಂದು ಸಲ ಬದಲಾಯಿಸ್ಬೇಕು. ಬೆಳಕಿದ್ರೂ ಸತ್ವ ಇರಲ್ಲ.”

ಉರಿಯುವ ದೀಪ ಬಿಸಾಡುವುದು ಮಾವನ ಜಾಯಮಾನದಲ್ಲಿ ಇಲ್ಲ. ಬದಲಾಯಿಸಿದರು, ಆದರೆ ಸತ್ವ ಹೋದ ದೀಪವನ್ನು ಹೊಲಿಗೆ ಯಂತ್ರದ ಮೇಲೆ ತೂಗುಹಾಕಿದರು. ಇದೆಲ್ಲವನ್ನೂ ಸೂಟಿನ ಬಿಲ್ಲಿನ ಬೆನ್ನಿಗೆ, ಸೂಟಿನವನ ಲೆಕ್ಕಕ್ಕೆ ಬರೆದರು. ಗಿರಾಕಿಯ ವಸ್ತು, ಗಿರಾಕಿಯ ಖರ್ಚು.

ತೊಟ್ಟಿಯನ್ನು ಅಳತೆ ಕೊಟ್ಟೇ ಮಾಡಿಸಿದ್ದರು. ಆಮೆಯನ್ನು ಕತ್ತರಿಸುವ ಮೇಜಿನ ಮೇಲಿಟ್ಟು, ಟೇಪು ಹಿಡಿದು, ಉದ್ದ, ಅಗಲ, ಸುತ್ತಳತೆ ಎಲ್ಲ ತೆಗೆದರು. “ಬೆಳೆಯೋ ಮಗು, ಸುತ್ತ ನಾಲ್ಕು ನಾಲ್ಕು ಬೆರಳು ಜಾಸ್ತಿ ಬಿಟ್ಟಿದ್ದೀನಿ” ಎಂದು ಶಾಲೆಯ ಚಡ್ಡಿ ಹೊಲಿದವರ ಹಾಗೆ ಹೇಳಿಕೊಂಡರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ಗಾದೆ ಆಮೆಗೆ ಗೊತ್ತಿರಲಿಲ್ಲ. ಆ ಬೆರಳುಗಳನ್ನೆಲ್ಲ ಅದು ಒಂದೇ ಮಳೆಗಾಲದಲ್ಲಿ ಮುಗಿಸಿತು. ಎರಡನೆಯ ತೊಟ್ಟಿ ಬಂತು. ಮೂರನೆಯದು ಬಂದಾಗ ಅದಕ್ಕೆ ಕತ್ತರಿಸುವ ಮೇಜನ್ನೇ ಬಿಟ್ಟುಕೊಟ್ಟು, ಮಾವ ನೆಲದ ಮೇಲೆ ಬಟ್ಟೆ ಹಾಸಿ ಕತ್ತರಿಸತೊಡಗಿದರು. ಮೇಜಿನ ಬಾಡಿಗೆ ಅಂತಲೂ ಬಿಲ್ಲಿನಲ್ಲಿ ಒಂದು ಸಾಲು ಏರಿತು.

“ಮೂಗಿಗಿಂತ ಮೂಗುತಿ ಭಾರ ಆಯ್ತು” ಎಂದರು ಅತ್ತೆ. “ಸೂಟಿನ ಬಾಕಿಯ ಹತ್ತರಷ್ಟು ಅದರ ಹೊಟ್ಟೆಗೆ ಹೋಯ್ತಲ್ರೀ. ಮೂರು ತಿಂಗಳ ಮೇಲೆ ನಾವು ಜವಾಬ್ದಾರರಲ್ಲ ಅಂತ ನೀವೇ ಬರೆಸಿದ್ದೀರಿ.”

“ಬೋರ್ಡು ಬಟ್ಟೆಗೆ.”

ಒಮ್ಮೆ ಅದು ಕಣ್ಣು ಊದಿಸಿಕೊಂಡು ಊಟ ಬಿಟ್ಟಿತು. ತಮಗೆ ಜ್ವರ ಬಂದರೆ ಕಂಬಳಿ ಹೊದ್ದು ಮಲಗುವ ಮಾವ, ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಆಟೋ ಹತ್ತಿದರು. ಚೀಟಿ ಬರೆಯುತ್ತಿದ್ದ ಪಶುವೈದ್ಯೆ ಹೆಸರು ಕೇಳಿದರು. “ನಂದಲ್ಲ ಮೇಡಂ, ಗಿರಾಕಿ…” ಎಂದು ಮಾವ ಇಡೀ ಕಥೆ ಶುರುಮಾಡುವಷ್ಟರಲ್ಲಿ ಅವರು ‘ಗಿರಾಕಿ’ ಎಂದು ಬರೆದೂ ಆಗಿತ್ತು. ಅಂದಿನಿಂದ ಅದೇ ಹೆಸರು ನಿಂತಿತು. “ಗಿರಾಕಿ ಊಟ ಮಾಡ್ತಾ?” “ಗಿರಾಕಿ ಇವತ್ತು ಕಲ್ಲು ಹತ್ತಲಿಲ್ಲ.” ಹೊಸಬರು ಕೇಳಿದರೆ ಗಾಬರಿಯಾಗಬೇಕು.

ಮಾವ ಹೋಟೆಲಿನ ಚಹಾ ಬಿಟ್ಟರು. ಚಪ್ಪಲಿಯ ಉಂಗುಷ್ಠಕ್ಕೆ ಹೊಲಿಗೆ ಹಾಕಿಕೊಂಡರು. ಹಲ್ಲಿನ ಸೆಟ್ಟು ಕಟ್ಟಿಸುವುದನ್ನು ಮುಂದಕ್ಕೆ ಹಾಕಿ ಗಂಜಿಗೆ ಇಳಿದರು. ಇಷ್ಟಾದರೂ ಬಾಯಿಬಿಟ್ಟು ‘ಇಷ್ಟ’ ಎಂಬ ಮಾತು ಆಡಲಿಲ್ಲ. “ಪರರ ವಸ್ತು, ಏನು ಮಾಡೋದು” ಅಂತಲೇ ಅನ್ನುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಬಾಗಿಲಲ್ಲಿ ಗಾಡಿ ನಿಂತ ಸದ್ದಾದರೆ ಅವರು ಮೊದಲು ನೋಡುತ್ತಿದ್ದುದು ತೊಟ್ಟಿಯ ಕಡೆ, ಆಮೇಲೆ ಬಾಗಿಲ ಕಡೆ. ಸೂಟಿನವನು ಬಂದು ಕೊಂಡೊಯ್ದುಬಿಟ್ಟರೆ ಎಂದು ಅವರಿಗೆ ದಿಗಿಲು. ಅದು ಅವರೊಬ್ಬರನ್ನು ಬಿಟ್ಟು ಬೀದಿಗೆಲ್ಲ ಗೊತ್ತಿತ್ತು.

ಕೊನೆಗೆ ಅವನು ಬಂದೇಬಿಟ್ಟ. ನಾನು ರವಿಕೆ ಸಡಿಲ ಮಾಡಿಸಲು ಹೋಗಿದ್ದೆ, ಅತ್ತೆಯೂ ಅಂಗಡಿಯಲ್ಲೇ ಇದ್ದರು. ಕಾರಿನಲ್ಲಿ ಬಂದಿದ್ದ, ಮೈ ತುಂಬಿಕೊಂಡಿತ್ತು. ಆ ಸೂಟು ಈಗ ಅವನ ಒಂದು ತೋಳಿಗೆ ಸಾಕಾಗುತ್ತಿತ್ತೇನೋ.

“ಅಣ್ಣ, ತಪ್ಪಾಯ್ತು. ನಮ್ಮ ಆಮೆ ಬದುಕಿದೆಯಾ?”

ಮಾವ ಬಿಲ್ಲು ತೆಗೆದು ಮುಂದಿಟ್ಟರು. ಅದೀಗ ಗುಂಡುಸೂಜಿ ಚುಚ್ಚಿದ ಒಂದು ಕಂತೆ. ಅವನು ಮೇಜಿನ ಬಾಡಿಗೆಯನ್ನೂ ಬಿಡದೆ ಓದಿದ. ಚೌಕಾಸಿ ಮಾಡುತ್ತಾನೆ, ಕೂಗಾಡುತ್ತಾನೆ, ಎದ್ದು ಹೋಗುತ್ತಾನೆ ಎಂದು ಕಾದೆವು. “ನ್ಯಾಯವಾಗೇ ಇದೆ ಅಣ್ಣ” ಎಂದು ಅವನು ನೋಟುಗಳನ್ನು ಎಣಿಸಿ ಇಟ್ಟ.

ಅತ್ತೆ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಮಾವ ನೋಟು ಎಣಿಸಿದರು. ಸರಿಯಾಗಿತ್ತು. ಮತ್ತೆ ಎಣಿಸಿದರು, ಆಗಲೂ ಸರಿಯಾಗಿತ್ತು. ಮೂರನೆಯ ಸಲ ಬೆರಳು ಮುಂದೆ ಹೋಗಲಿಲ್ಲ. ಅವನು ತೋಳು ಮಡಚಿ ತೊಟ್ಟಿಯೊಳಗೆ ಕೈ ಇಳಿಸಿದ.

“ತಡೀರಿ.” ಮಾವ ಎದ್ದು ಕೊರಳಿನ ಟೇಪು ತೆಗೆದು, ಗಾಜಿನ ಹೊರಗಿನಿಂದಲೇ ಹಿಡಿದು ನೋಡಿದರು. “ಇದು ನಿಮ್ಮದಲ್ಲ.”

“ಅಲ್ವಾ?”

“ನೀವು ಕೊಟ್ಟಿದ್ದು ಕೋಟಿನ ಗುಂಡಿಯಷ್ಟು. ಇದು ಒಂಬತ್ತಿಂಚು. ಅಳತೆ ಕೂಡಲ್ಲ.”

“ಬೆಳೆದಿರತ್ತಲ್ಲ ಅಣ್ಣ.”

“ಅಳತೆ ತಗೊಳ್ಳೋನು ನಾನಾ, ನೀವಾ?”

ಅವನು ಕೈ ಹೊರಗೆ ತೆಗೆದ. ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. “ಸರಿ. ಮತ್ತೆ ಇದು ಯಾರದ್ದು?”

ಮಾವ ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡರು. “ನಂದು.”

“ಈ ಬಿಲ್ಲು?”

“ಅದೂ ನಂದೇ” ಎಂದು ಮಾವ ನೋಟುಗಳನ್ನು ಅವನ ಕಡೆ ತಳ್ಳಿದರು. ತಳ್ಳುವ ಮೊದಲು ಸೂಟಿನ ಬಾಕಿಯನ್ನು ಚಿಲ್ಲರೆ ಸಮೇತ ಎತ್ತಿಟ್ಟುಕೊಂಡರು. ಅವನು ಆಮೆಯನ್ನು ನೋಡಿದ, ಮಾವನನ್ನು ನೋಡಿದ. “ಚೆನ್ನಾಗಿ ನೋಡ್ಕೊಂಡಿದ್ದೀರಿ ಅಣ್ಣ” ಎಂದು ದುಡ್ಡು ಜೇಬಿಗೆ ಹಾಕಿಕೊಂಡು ಹೊರಟುಹೋದ.

ಅತ್ತೆ ಸ್ಟೂಲು ಎಳೆದುಕೊಂಡು ಕೂತರು. ಅವರ ಕಣ್ಣಲ್ಲಿ ನೀರೇ ಬಂದಿತ್ತು, ಸಿಟ್ಟಿಗೋ ಇನ್ನೊಂದಕ್ಕೋ ಅವರಿಗೇ ಗೊತ್ತಿರಲಿಲ್ಲ. “ಕೊಡೋ ಮನಸ್ಸಿಲ್ಲ ಅಂದ್ಮೇಲೆ ಕರೆಂಟು, ಮೇಜಿನ ಬಾಡಿಗೆ ಅಂತ ಅಷ್ಟುದ್ದ ಬಿಲ್ಲು ಬರೆದಿದ್ದಾದ್ರೂ ಯಾಕ್ರೀ?”

ಮಾವ ಬಗ್ಗಿ ನೆಲದ ನೀರು ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

“ಅಷ್ಟು ಬರೆದ್ರೆ ಬಿಟ್ಟು ಹೋಗ್ತಾನೆ ಅಂದ್ಕೊಂಡಿದ್ದೆ” ಎಂದರು. “ಕಡಿಮೆ ಬರೆದುಬಿಟ್ಟೆ.”