ಕೆಂಪು ಮಣ್ಣಿನ ಮೇಲೆ ಅರವತ್ತು ಸೈನಿಕರು

ನಾನು ಹಲ್ಲು ಮಾಡುವವಳು. ಇಂದಿರಾನಗರ, ಹಲಸೂರು, ಕೆ.ಆರ್. ಪುರದ ದಂತವೈದ್ಯರು ರೋಗಿಯ ಬಾಯಿಯ ಅಚ್ಚು ತೆಗೆದು ನಮ್ಮ ಲ್ಯಾಬಿಗೆ ಕಳಿಸುತ್ತಾರೆ. ನಾವು ಅದಕ್ಕೆ ಹೊಂದುವ ಕ್ಯಾಪೋ ಸೆಟ್ಟೋ ಮಾಡಿ ವಾಪಸು ಕಳಿಸುತ್ತೇವೆ. ಗಂಡನ ಜೊತೆ ಕಲಬುರಗಿಯಿಂದ ಕಗ್ಗದಾಸಪುರಕ್ಕೆ ಬಂದ ವರ್ಷವೇ ಈ ಕೆಲಸಕ್ಕೆ ಸೇರಿದೆ. ಇಪ್ಪತ್ತೇಳು ವರ್ಷವಾಯಿತು. ಮೇಣದಲ್ಲಿ ಹಲ್ಲು ತಿದ್ದುವುದು, ಪಿಂಗಾಣಿಯ ಮೇಲೆ ಎರಡು ಕೂದಲಿನ ಬ್ರಶ್ಶಿನಿಂದ ಬಣ್ಣ ಏರಿಸುವುದು, ಪಕ್ಕದ ಹಲ್ಲಿನಲ್ಲಿ ಬೀಡಿಯ ಕಲೆ ಇದ್ದರೆ ಹೊಸದಕ್ಕೂ ಅಷ್ಟೇ ಕಲೆ ಕೊಡುವುದು, ಇವೆಲ್ಲ ಕೈಗೆ ಹತ್ತಿದ್ದವು.

ಎರಡು ವರ್ಷದ ಹಿಂದೆ ಲ್ಯಾಬಿಗೆ ಒಂದು ಯಂತ್ರ ಬಂತು. ಕಂಪ್ಯೂಟರಿನಲ್ಲಿ ಹಲ್ಲಿನ ಚಿತ್ರ ಹಾಕಿದರೆ ಅದೇ ಕೊರೆದು ಕೊಡುತ್ತದೆ. ಆರು ಜನ ಕೂರುತ್ತಿದ್ದ ಬೆಂಚಿನಲ್ಲಿ ಮೂವರು ಉಳಿದೆವು. ನನ್ನನ್ನು ಬಿಡಲಿಲ್ಲ, ಆದರೆ ವಾರಕ್ಕೆ ಮೂರು ದಿನ ಬಂದರೆ ಸಾಕು ಎಂದರು. ಮಿಕ್ಕ ದಿನ ಮನೆಯಲ್ಲಿ ಕೂತು ನನ್ನ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದೆ. ಅವಕ್ಕೆ ಏನೂ ಆಗಿರಲಿಲ್ಲ. ಸುಮ್ಮನೆ ಕೆಲಸವಿರಲಿಲ್ಲ, ಅಷ್ಟೆ.

ಒಂದು ಮಂಗಳವಾರ ಇಂದಿರಾನಗರದ ಒಬ್ಬ ಡಾಕ್ಟರು ತಾವೇ ಲ್ಯಾಬಿಗೆ ಬಂದರು. ನಲವತ್ತರ ಆಸುಪಾಸಿನವರು, ನನ್ನ ಕೆಲಸವನ್ನು ಬಹಳ ವರ್ಷದಿಂದ ಬಲ್ಲವರು. ಜೇಬಿನಿಂದ ಹತ್ತಿಯಲ್ಲಿ ಸುತ್ತಿದ್ದ ಏನನ್ನೋ ತೆಗೆದು ಬೆಂಚಿನ ಮೇಲಿಟ್ಟರು.

"ಅಕ್ಕಾ, ಇದು ಪೇಷೆಂಟ್ ಕೆಲಸ ಅಲ್ಲ. ಬೈಬೇಡಿ."

ಹತ್ತಿಯೊಳಗೆ ನನ್ನ ಕಿರುಬೆರಳಿನ ಅರ್ಧದಷ್ಟು ಎತ್ತರದ ಒಬ್ಬ ಸೈನಿಕನಿದ್ದ. ಪೇಟ, ಮೀಸೆ, ಸೊಂಟದಲ್ಲಿ ಕತ್ತಿ, ಎಲ್ಲವೂ ಇದ್ದವು. ಬಂದೂಕು ಹಿಡಿದ ಕೈ ಮಾತ್ರ ಮುಂಗೈಯಲ್ಲಿ ಮುರಿದು ಪಕ್ಕದಲ್ಲಿ ಬಿದ್ದಿತ್ತು.

"ಆಟದ ಸಾಮಾನಾ ಡಾಕ್ಟ್ರೇ? ಮಗುದಾ?"

"ನಂದೇ ಅಕ್ಕಾ," ಎಂದು ನಾಚಿಕೊಂಡರು. ಭಾನುವಾರ ಕೆಲವು ಗೆಳೆಯರು ಸೇರಿ ದೊಡ್ಡ ಮೇಜಿನ ಮೇಲೆ ಇಂಥ ನೂರಾರು ಸೈನಿಕರನ್ನು ನಿಲ್ಲಿಸಿ, ಅಳತೆ ಹಿಡಿದು ನಡೆಸಿ, ದಾಳ ಎಸೆದು ಹಳೆಯ ಯುದ್ಧಗಳನ್ನು ಆಡುತ್ತಾರಂತೆ. ಸೈನಿಕರು ಬರಿಯ ಬೂದು ಬಣ್ಣದಲ್ಲಿ ಬರುತ್ತಾರೆ, ಬಣ್ಣ ಬಳಿಯುವುದೂ ಅವರದೇ ಕೆಲಸ.

ಕೂದಲೆಳೆಯ ತಂತಿಯನ್ನು ಮುಂಗೈಯೊಳಗೆ ಇಳಿಸಿ, ಹಲ್ಲಿನ ಸೆಟ್ಟಿಗೆ ಬಳಸುವ ಅಕ್ರಿಲಿಕ್ಕಿನಿಂದ ಕೈ ಕೂಡಿಸಿದೆ. ಹತ್ತು ನಿಮಿಷದ ಕೆಲಸ. ಡಾಕ್ಟರು ಬೆಸುಗೆ ಎಲ್ಲಿದೆ ಎಂದು ಹುಡುಕಿ ಸೋತು, ನನ್ನನ್ನೇ ನೋಡಿದರು. "ಅಕ್ಕಾ, ನೀವ್ಯಾಕೆ ಪೇಂಟ್ ಮಾಡ್ಬಾರ್ದು? ನನ್ ಹತ್ರ ಅರವತ್ತು ಜನ ಹಾಗೇ ಬಿದ್ದಿದಾರೆ. ಹಲಸೂರು ಬಾಗಿಲಿನ ಯುದ್ಧ ಆಡ್ಬೇಕು ಅಂತ ಒಂದ್ ವರ್ಷದಿಂದ ಪ್ಲಾನು."

ಹಳೆಯ ಬೆಂಗಳೂರು ಪೇಟೆಗೆ ಕೋಟೆಗೋಡೆಯೂ ಬಾಗಿಲುಗಳೂ ಇದ್ದವು, ಹಲಸೂರಿನ ದಿಕ್ಕಿಗಿದ್ದ ಬಾಗಿಲಿಗೆ ಇಂಗ್ಲಿಷರ ಕಂಪನಿ ಸೈನ್ಯ ಮುತ್ತಿಗೆ ಹಾಕಿತ್ತು ಎಂಬುದು ನನಗೆ ಅಂದೇ ತಿಳಿದದ್ದು. ಇಷ್ಟು ವರ್ಷ ಬಸ್ಸಿನ ಬೋರ್ಡಿನಲ್ಲಿ ಹಲಸೂರು ಗೇಟ್ ಎಂದು ಓದಿದ್ದೆ. ಗೇಟು ಎಲ್ಲಿ ಎಂದು ಒಂದು ದಿನವೂ ಕೇಳಿರಲಿಲ್ಲ.

ಅರವತ್ತು ಮೈಸೂರು ಸೈನಿಕರು ಮನೆಗೆ ಬಂದರು. ಗಂಡ ಊಟದ ಮೇಜಿನ ಮೇಲಿದ್ದ ಸಾಲು ನೋಡಿ, "ಹಲ್ಲ್ ಬಿಟ್ಟು ಈಗ ಗೊಂಬಿ ಹಿಡದಿ ಏನ?" ಎಂದು ನಕ್ಕು, ತಟ್ಟೆ ಎತ್ತಿಕೊಂಡು ಟಿವಿಯ ಮುಂದೆ ಹೋದರು.

ಮೊದಲ ಐವರನ್ನು ಹಾಳು ಮಾಡಿದೆ. ಪಿಂಗಾಣಿಗೆ ಹಚ್ಚುವ ಹಾಗೆ ಬಣ್ಣವನ್ನು ದಪ್ಪಗೆ ಹಚ್ಚಿದ್ದರಿಂದ ಕಣ್ಣು ಮೂಗು ಎಲ್ಲ ಮುಚ್ಚಿಹೋಯಿತು. ಬಿಳಿ ಕಣ್ಣುಗುಡ್ಡೆ ಇಟ್ಟ ಮೇಲಂತೂ ಐವರೂ ದೆವ್ವ ಕಂಡವರಂತೆ ನಿಂತಿದ್ದರು. ಫೋಟೋ ಕಳಿಸಿದೆ. ಡಾಕ್ಟರು ನಗುವುದನ್ನು ತಡೆದುಕೊಂಡೇ ಫೋನಿನಲ್ಲಿ ಹೇಳಿದರು, "ಅಕ್ಕಾ, ಬಣ್ಣ ಹಾಲಿನ ಹಾಗೆ ತೆಳ್ಳಗಿರ್ಲಿ. ಒಂದೇ ಸಲ ಮುಗಿಸ್ಬೇಡಿ, ಎರಡು ಮೂರು ಸಲ ಹಚ್ಚಿ. ಕಣ್ಣು ಬರೀಲೇಬೇಡಿ. ನೆರಳು ಕೊಟ್ರೆ ಸಾಕು, ನೋಡೋರಿಗೆ ತಾನೇ ಕಾಣುತ್ತೆ."

ಹಾಗೇ ಮಾಡಿದೆ. ಐವರ ಬಣ್ಣ ತೊಳೆದು ಮತ್ತೆ ಶುರು ಮಾಡಿದೆ. ನೇರಳೆ ಅಂಗಿ, ಅದರ ಮೇಲೆ ಬಿಳಿಯ ಹುಲಿಪಟ್ಟೆ. ಗಾಢ ಬಣ್ಣದ ನೀರನ್ನು ಬಿಟ್ಟರೆ ಅದು ತಾನಾಗಿ ಮಡಿಕೆಗಳೊಳಗೆ ಇಳಿದು ನೆರಳಾಗುತ್ತದೆ. ಒಣಗಿದ ಬ್ರಶ್ಶಿನಲ್ಲಿ ತಿಳಿ ಬಣ್ಣವನ್ನು ಸವರಿದರೆ ಉಬ್ಬಿದ ಕಡೆ ಬೆಳಕು ಬೀಳುತ್ತದೆ. ಹದಿನೈದನೆಯವನ ಹೊತ್ತಿಗೆ ಕೆನ್ನೆಯ ಮೂಳೆಯ ಕೆಳಗೆ ಎಷ್ಟು ನೆರಳಿರಬೇಕೆಂದು ಕೈಗೇ ಗೊತ್ತಾಯಿತು. ಬಾಯಿಯ ಒಳಗನ್ನೇ ನೋಡಿದವಳು ನಾನು. ಮೊದಲ ಸಲ ಮುಖಕ್ಕೆ ಹೊರಗಿನಿಂದ ಕೈ ಹಚ್ಚಿದ್ದೆ.

ಇನ್ನು ಕಾಲ ಕೆಳಗಿನ ನೆಲ. ಪ್ರತಿ ಸೈನಿಕನನ್ನೂ ಒಂದು ಪುಟ್ಟ ಬಿಲ್ಲೆಯ ಮೇಲೆ ಅಂಟಿಸಿ, ಆ ಬಿಲ್ಲೆಯನ್ನು ನೆಲದಂತೆ ಮಾಡಬೇಕು. ಇದಕ್ಕೆಂದೇ ಡಾಕ್ಟರು ವಿದೇಶದಿಂದ ತರಿಸಿದ ಹಸಿರು ಹುಲ್ಲಿನ ಪುಡಿ ಕೊಟ್ಟಿದ್ದರು. ಒಬ್ಬನಿಗೆ ಹಾಕಿ ನೋಡಿದೆ. ನಮ್ಮ ಸಿಪಾಯಿ ಯಾವುದೋ ಸಾಹೇಬರ ಬಂಗಲೆಯ ಹುಲ್ಲುಹಾಸಿನ ಮೇಲೆ ತೋಟದ ಕೆಲಸಕ್ಕೆ ಬಂದವನಂತೆ ಕಂಡ. ಸರಿಬರಲಿಲ್ಲ.

ನಮ್ಮ ಪಕ್ಕದ ಸೈಟಿನಲ್ಲಿ ಆಗ ಪಾಯ ತೋಡುತ್ತಿದ್ದರು. ಒಂದು ಡಬ್ಬಿ ಕೆಂಪು ಮಣ್ಣು ಕೇಳಿ ತಂದೆ. ಅಗೆಯುತ್ತಿದ್ದ ಹೆಂಗಸು ನಮ್ಮ ರಾಯಚೂರು ಕಡೆಯವಳು. "ತುಳಸಿ ಹಚ್ಚಾಕೇನ್ರಿ ಅಕ್ಕಾರ?" ಎಂದಳು. ಸೈನಿಕರ ಕಾಲಿಗೆ ಎಂದರೆ ಏನೆಂದುಕೊಂಡಾಳೋ ಎಂದು ಹೌದು ಎಂದೆ. ಮಣ್ಣನ್ನು ಹಳೆಯ ಹಂಚಿನಲ್ಲಿ ಹುರಿದು, ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಬಿಳಿ ಗೋಂದಿನ ಮೇಲೆ ಉದುರಿಸಿದೆ. ತೆಂಗಿನ ನಾರನ್ನು ಸಣ್ಣಗೆ ಕತ್ತರಿಸಿ ಒಣಹುಲ್ಲು ನೆಟ್ಟೆ. ಸೈನಿಕ ತನ್ನೂರಿಗೆ ಬಂದು ನಿಂತ.

ಉಳಿದದ್ದು ಎರಡು ಬಾವುಟ. ಕಾಗದದಲ್ಲಿ ಮಾಡಿದರೆ ಗಾಳಿಯಲ್ಲಿ ಹಾರುವ ಹಾಗೆ ಕಾಣುವುದಿಲ್ಲ. ತೆಳು ರೇಷ್ಮೆಯ ಚೂರು ಹುಡುಕಿಕೊಂಡು ಶಿವಾಜಿನಗರಕ್ಕೆ ಹೋದೆ. ಕಮರ್ಷಿಯಲ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ ಒಂದು ಬಟ್ಟೆ ಅಂಗಡಿ. ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಬಿಳಿಗಡ್ಡದ ಒಬ್ಬ ಚಾಚಾ ಸುಮ್ಮನೆ ಕೂತಿದ್ದರು. ಎರಡು ಬೆರಳಗಲ ರೇಷ್ಮೆ ಬೇಕು ಎಂದಾಗ ಅವರಿಗೆ ನಗು ಬಂತು.

"ಇಷ್ಟ್ರಲ್ಲಿ ಏನ್ ಹೊಲೀತೀರಮ್ಮ? ಇಲಿಗೆ ಕುರ್ತಾನಾ?"

ನಾನು ದಖ್ಖನಿ ಉರ್ದುವಿನಲ್ಲೇ ಉತ್ತರ ಕೊಟ್ಟೆ. ಕಲಬುರಗಿಯಲ್ಲಿ ಬೆಳೆದವಳಿಗೆ ಅದು ಪಕ್ಕದ ಮನೆಯ ಮಾತು. ಅವರ ಕಣ್ಣರಳಿತು. "ಅರೇ, ಗುಲ್ಬರ್ಗಾದೋರಾ! ಬೈಠೋ ಬೇಟಿ, ಬೈಠೋ."

ಚೀಲದಿಂದ ಒಬ್ಬ ಸೈನಿಕನನ್ನು ತೆಗೆದು ಅವರ ಅಂಗೈಯಲ್ಲಿಟ್ಟೆ. ಕಣ್ಣು ಕಿರಿದು ಮಾಡಿ, ದೂರ ಹಿಡಿದು, ಹತ್ತಿರ ತಂದು ನೋಡಿದರು. "ಕಾಣಲ್ಲಮ್ಮ," ಎಂದು ತಲೆಯಾಡಿಸಿದರು. ನಲವತ್ತು ವರ್ಷ ಜರಿ ಕಸೂತಿ ಮಾಡಿದವರಂತೆ. ಮದುವೆಯ ಶೇರ್ವಾನಿ, ಬ್ಯಾಂಡಿನವರ ಕೋಟು. ಐದು ವರ್ಷದಿಂದ ಸೂಜಿಗೆ ದಾರ ಪೋಣಿಸಲಾಗದೆ ಬಿಟ್ಟಿದ್ದರು. ಎರಡು ಕನ್ನಡಕ ಬದಲಾಯಿಸಿದರೂ ಅಷ್ಟು ಸಣ್ಣದು ಕಣ್ಣಿನ ಹಿಡಿತಕ್ಕೆ ಸಿಗುತ್ತಿರಲಿಲ್ಲ. "ಈಗ ಮಗನ ದುಕಾನಲ್ಲಿ ಕೂತಿರ್ತೀನಿ. ಗಿರಾಕಿಗೆ ಸಲಾಂ ಹೇಳ್ತೀನಿ. ಬಸ್."

ನನ್ನ ಚೀಲದಲ್ಲಿ ತಲೆಗೆ ಕಟ್ಟಿಕೊಳ್ಳುವ ಭೂತಗನ್ನಡಿ ಇತ್ತು. ಲ್ಯಾಬಿನಲ್ಲಿ ನಾವು ಹಾಕಿಕೊಳ್ಳುವುದು ಅದನ್ನೇ. ಅವರ ಟೋಪಿಯ ಮೇಲೆ ಕಟ್ಟಿ, ಗಾಜನ್ನು ಕಣ್ಣಿನ ಮುಂದಕ್ಕೆ ಇಳಿಸಿದೆ. ಅಂಗೈಯನ್ನು ಮೆಲ್ಲಗೆ ಮೇಲೆತ್ತಿದರು.

"ಯಾ ಅಲ್ಲಾ! ಇವನ್ಗೆ ಮೀಸೆ ಐತೆ!"

ಅಂಗಡಿಯಲ್ಲಿದ್ದ ಗಿರಾಕಿಗಳು ತಿರುಗಿ ನೋಡಿದರು. ಚಾಚಾ ಸೈನಿಕನನ್ನು ತಿರುಗಿಸಿ ತಿರುಗಿಸಿ ನೋಡಿ, ಕೊನೆಗೆ ಪೇಟದ ಮೇಲೆ ಉಗುರಿಟ್ಟರು. "ಆದ್ರೆ ಬೇಟಿ, ಪಗಡಿ ತಪ್ಪು. ಮಡಿಕೆನ ಬಳೆ ಥರ ಸುತ್ತಲೂ ಬರ್ದಿದೀರಿ. ಬಟ್ಟೆ ಐಸಾ ಕೂರಲ್ಲ." ಅಲ್ಲೇ ಒಂದು ಥಾನಿನಿಂದ ಬಟ್ಟೆ ಎಳೆದು ತಮ್ಮ ತಲೆಗೆ ಸುತ್ತಿ ತೋರಿಸಿದರು. ಮಡಿಕೆಗಳು ಒಂದರ ಮೇಲೊಂದು ಓರೆಯಾಗಿ ಏರಿ, ಹಣೆಯ ಮಧ್ಯೆ ಕೂಡಿದವು. ನಾನು ನೋಡಿಯೇ ಇರಲಿಲ್ಲ. ಅರವತ್ತು ಪೇಟಗಳೂ ತಪ್ಪು.

ಬಂದ ಕೆಲಸ ಮರೆತು ಅಲ್ಲೇ ಚಹಾ ಕುಡಿದೆವು. ಅಷ್ಟರಲ್ಲಿ ಚಾಚಾ ಭೂತಗನ್ನಡಿ ತೆಗೆಯದೆಯೇ ತಮ್ಮ ಹೆಬ್ಬೆರಳು, ಅಂಗಿಯ ಹೊಲಿಗೆ, ಗೂಡಿನಲ್ಲಿದ್ದ ಜರಿಯ ಉಂಡೆ, ಎಲ್ಲವನ್ನೂ ಒಂದೊಂದಾಗಿ ನೋಡುತ್ತಿದ್ದರು. ಜರಿಯ ಒಂದೆಳೆಯನ್ನು ಉಂಡೆಯಿಂದ ಬಿಡಿಸಿ ಬೆಳಕಿಗೆ ಹಿಡಿದರು.

"ಇಟ್ಕೊಳ್ಳಿ ಚಾಚಾ, ನನ್ನ ಹತ್ರ ಇನ್ನೊಂದಿದೆ," ಎಂದೆ.

"ನಕ್ಕೋ ನಕ್ಕೋ," ಎಂದು ಬೇಡವೆಂದರು. ಆದರೆ ಕೈ ಅದನ್ನು ಬಿಡಲಿಲ್ಲ. "ಹಾಗಾದ್ರೆ ಬಾವುಟ ನಾನು ಮಾಡ್ತೀನಿ."

ಅರವತ್ತು ಪೇಟ ತಿದ್ದಲು ಎರಡು ವಾರ ಹಿಡಿಯಿತು. ಆಟದ ಭಾನುವಾರಕ್ಕೆ ಮೂರು ದಿನವಿತ್ತು. ಬಣ್ಣ ಉದುರದ ಹಾಗೆ ಮೇಲೆ ವಾರ್ನಿಶ್ ಸಿಂಪಡಿಸಬೇಕು. ಬೆಳಗಿನಿಂದ ಜಿನುಗು ಮಳೆ. ಮಹಡಿಯ ತಗಡಿನ ಕೆಳಗೆ ನಿಂತು ಎಲ್ಲರಿಗೂ ಸಿಂಪಡಿಸಿ ಕೆಳಗೆ ಬಂದೆ. ಅರ್ಧ ಗಂಟೆಯ ಮೇಲೆ ಹೋಗಿ ನೋಡಿದರೆ ಅರವತ್ತೂ ಜನ ಬೂದಿ ಬಳಿದುಕೊಂಡವರಂತೆ ಬೆಳ್ಳಗಾಗಿದ್ದರು. ನೇರಳೆ ಇಲ್ಲ, ಪಟ್ಟೆ ಇಲ್ಲ, ಮುಖ ಇಲ್ಲ. ಹಸಿಗಾಳಿಗೆ ವಾರ್ನಿಶ್ ಮಂಜುಗಟ್ಟಿತ್ತು.

ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಳು ಬರಲಿಲ್ಲ. ನಾಲ್ಕು ತಿಂಗಳ ಕೆಲಸ ಹೋಯಿತು ಎಂದಷ್ಟೇ ಮನಸ್ಸಿನಲ್ಲಿತ್ತು. ಗಂಡ ಮೇಲೆ ಬಂದು ನೋಡಿ, ಈ ಸಲ ತಮಾಷೆ ಮಾಡಲಿಲ್ಲ. "ಡಾಕ್ಟರಿಗೆ ಕೇಳು. ಅವ್ರಿಗೂ ಹಿಂಗ ಆಗಿರ್ತದ," ಎಂದರು.

ಆಗಿತ್ತು. "ಗಾಬರಿ ಆಗ್ಬೇಡಿ ಅಕ್ಕಾ. ಒಂಚೂರು ಎಣ್ಣೆ ಸವರಿ ನೋಡಿ. ಒಬ್ಬನ ಮೇಲೆ ಮಾತ್ರ, ಫಸ್ಟು," ಎಂದರು ಡಾಕ್ಟರು. ಅಡುಗೆಮನೆಯಲ್ಲಿ ಸಿಕ್ಕಿದ್ದು ಕೊಬ್ಬರಿ ಎಣ್ಣೆ. ಬ್ರಶ್ಶಿನ ತುದಿಗೆ ಮುಟ್ಟಿಸಿ ಒಬ್ಬನ ಭುಜದ ಮೇಲೆ ಎಳೆದೆ. ಆ ಗೆರೆಯ ಉದ್ದಕ್ಕೂ ನೇರಳೆ ಮೇಲೆದ್ದು ಬಂತು. ಇನ್ನೊಂದು ಗೆರೆ, ಪಟ್ಟೆ ಬಂತು. ಗಂಡ ಪಕ್ಕದಲ್ಲಿ ನಿಂತು "ಬಂತು, ಬಂತು" ಎನ್ನುತ್ತಿದ್ದರು. ಆಮೇಲೆ ತಾವೇ ಹಳೆಯ ಬನಿಯನ್ ಹರಿದು, ನಾನು ಸವರಿ ಕೊಟ್ಟವರನ್ನು ಒಬ್ಬೊಬ್ಬರನ್ನಾಗಿ ಒರೆಸಿ ಸಾಲಿಗೆ ನಿಲ್ಲಿಸಿದರು. ಕೆಲವರ ಕಾಲಿನ ಬಳಿ ಬಿಳುಪು ಹೋಗಲೇ ಇಲ್ಲ. ಅಲ್ಲಿಗೆ ಕೆಂಪು ಮಣ್ಣಿನ ಧೂಳು ಉಜ್ಜಿದೆ. ನಡೆದು ಬಂದವರ ಕಾಲಿಗೆ ಧೂಳು ಇರಲೇಬೇಕಲ್ಲ.

ಭಾನುವಾರ ಚಾಚಾ ತಾವೂ ಬರುತ್ತೇನೆಂದು ಹಟ ಹಿಡಿದರು. ಇಂದಿರಾನಗರದ ಒಂದು ಕಾಫಿ ಅಂಗಡಿಯ ಮಹಡಿ. ಉದ್ದ ಮೇಜಿನ ಮೇಲೆ ಥರ್ಮಕೋಲಿನಲ್ಲಿ ಕೆತ್ತಿದ ಕೋಟೆಬಾಗಿಲು. ಒಂದು ಕಡೆ ಹಸಿರು ಹುಲ್ಲಿನ ಮೇಲೆ ನಿಂತ ಕಂಪನಿ ಸೈನ್ಯ, ಇನ್ನೊಂದು ಕಡೆ ನಮ್ಮವರು. ಚಾಚಾ ಕರವಸ್ತ್ರದಿಂದ ಬಾವುಟಗಳನ್ನು ತೆಗೆದು ತಾವೇ ಸಿಕ್ಕಿಸಿದರು. ಹೆಬ್ಬೆರಳಿನ ಉಗುರಿನಷ್ಟು ರೇಷ್ಮೆ, ಅಂಚಿನಲ್ಲಿ ಒಂದೆಳೆ ಜರಿ.

ಆಡುವವರು ಸುತ್ತ ಕೂಡಿದರು. ಅವರಲ್ಲೊಬ್ಬರು ಮಂಡಿಯೂರಿ ಮೇಜಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿ, "ಗುರು, ಇದು ನಮ್ಮೂರ ಮಣ್ಣು ಕಣೋ! ಯಾರು ಮಾಡಿದ್ದು ಇದು?" ಎಂದರು. ಡಾಕ್ಟರು ನನ್ನ ಕಡೆ ಕೈ ತೋರಿಸಿದರು.

ನಾನು ಮಾಡಿದ ಹಲ್ಲಿನಲ್ಲಿ ಈ ಊರಿನ ಎಷ್ಟು ಜನ ಉಣ್ಣುತ್ತಿದ್ದಾರೋ, ಯಾರೊಬ್ಬರೂ ಯಾರು ಮಾಡಿದ್ದೆಂದು ಕೇಳಿದವರಿಲ್ಲ. ಕೇಳಬಾರದು ಕೂಡ. ಕೇಳುವ ಹಾಗಿದ್ದರೆ ಹಲ್ಲು ಸರಿಯಿಲ್ಲವೆಂದೇ ಅರ್ಥ. "ನಾನೇ," ಎಂದೆ. "ಬಾವುಟ ಚಾಚಾ ಅವರದ್ದು. ಪೇಟ ತಿದ್ದಿಸಿದ್ದೂ ಅವರೇ."

ಆಟ ಶುರುವಾಯಿತು. ಅಳೆಯುವ ಕಬ್ಬಿಣದ ಪಟ್ಟಿ ತಗುಲಿ ಎರಡು ಸಲ ಸೈನಿಕರು ಉರುಳಿದರು. ಚಾಚಾ ತಡೆಯಲಾರದೆ ಜೇಬಿನಿಂದ ತಮ್ಮ ದರ್ಜಿ ಟೇಪು ತೆಗೆದು, ಮೇಜಿನ ಮೇಲೆ ಒಬ್ಬ ಸೈನಿಕನನ್ನೂ ಅಲುಗಿಸದೆ ಹಾಸಿ, "ಆರು ಇಂಚು. ನಡೀರಿ ಮುಂದೆ," ಎಂದರು. ಅಲ್ಲಿಂದ ಮುಂದೆ ಅಳತೆಯೆಲ್ಲ ಅವರದೇ. ಬಾಗಿಲು ಉಳಿಸುವ ಕೊನೆಯ ದಾಳವನ್ನೂ ಅವರ ಕೈಗೇ ಕೊಟ್ಟರು. ಒಂದು ಬಿತ್ತು. ಬಾಗಿಲು ಹೋಯಿತು. "ಹಾಥ್ ಹೊಲಿಯೋಕೆ ಐತೆ ಬೇಟಾ, ಜೂಜಿಗಲ್ಲ," ಎಂದು ಎಲ್ಲರಿಗಿಂತ ಜೋರಾಗಿ ನಕ್ಕವರೂ ಅವರೇ.

ಅದಾಗಿ ಒಂದು ವರ್ಷವಾಗುತ್ತ ಬಂತು. ಚಾಚಾ ಈಗ ಬೆಳಗಿನ ಬೆಳಕಿನಲ್ಲಿ ಎರಡು ಗಂಟೆ ಕಸೂತಿಗೆ ಕೂರುತ್ತಾರೆ. ಹೆಚ್ಚು ಕೂರಬಾರದೆಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ, ಅವರು ಆ ಮಾತನ್ನು ಅರ್ಧ ಕೇಳುತ್ತಾರೆ. ನನ್ನ ಲ್ಯಾಬು ಇನ್ನೂ ಮೂರೇ ದಿನ. ಶನಿವಾರ ಮಧ್ಯಾಹ್ನ ನಮ್ಮ ಮುಂದಿನ ಕೋಣೆಗೆ ನಾಲ್ಕೈದು ಜನ ಬಣ್ಣ ಹಚ್ಚುವುದನ್ನು ಕಲಿಯಲು ಬರುತ್ತಾರೆ. ಲ್ಯಾಬಿನಿಂದ ಕೆಲಸ ಹೋದ ನನ್ನ ಹಳೆಯ ಸಹೋದ್ಯೋಗಿಯೂ ಅವರಲ್ಲಿ ಒಬ್ಬಳು. ಬೆಂಚಿನಲ್ಲಿ ಹದಿನೈದು ವರ್ಷ ನನ್ನ ಪಕ್ಕ ಕೂತವಳು.

ಹೋದ ವಾರ ಅವಳು ಮೊದಲ ಮುಖ ಮುಗಿಸಿದಳು. ಭೂತಗನ್ನಡಿ ಮೇಲೆತ್ತಿ, ಸೈನಿಕನನ್ನು ಕಿಟಕಿಯ ಬೆಳಕಿಗೆ ಹಿಡಿದು, "ಲೇ, ಇವನು ನಮ್ಮ ಮಾವನ ಥರ ಕಾಣ್ತಾನಲ್ಲೇ!" ಎಂದಳು. ಎಲ್ಲರೂ ಬ್ರಶ್ಶು ಕೆಳಗಿಟ್ಟು ನೋಡಲು ಎದ್ದು ಬಂದೆವು.