ನೀಲಿ ಜಗ್ಗಿನ ಸದ್ದು

ಅಟ್ರಾಕ್ಟಾ ಗಿಲ್‌ಹೂಲಿ ಮತ್ತು ಅವಳ ಗಂಡ ಬಾರ್ನಿ ಮಾತು ಬಿಟ್ಟು ಒಂಬತ್ತು ವರ್ಷವಾಗಿತ್ತು. ಕೆರೆ ಪಕ್ಕದ ಹೊಲವನ್ನು ಅವನು ಹೆಂಡತಿಗೊಂದು ಮಾತೂ ಹೇಳದೆ ಮಾರಿದ್ದ. ಹಾಗಾದರೆ ಇನ್ನು ಮಾತೇ ಬೇಡ ಎಂದು ಅವಳು ತೀರ್ಮಾನಿಸಿದಳು. ಲೀಟ್ರಿಮ್ ಸೀಮೆಯಲ್ಲಿ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ನಮ್ಮಲ್ಲಿ ಗಂಡಹೆಂಡಿರು ಮಾತಾಡುವುದು ಮಳೆಯ ವಿಷಯವೊಂದೇ. ಇವರು ಮಳೆಯನ್ನೂ ಬಿಟ್ಟಿದ್ದರು, ಅಷ್ಟೇ.

ತೀರಾ ಅಗತ್ಯ ಬಿದ್ದರೆ ನಾಯಿ ಇತ್ತು.

"ಶೆಪ್, ಚಹಾ ಆರಿ ಹೋಗ್ತಿದೆ ಅಂತ ಹೇಳು ಆ ಮಹಾರಾಯಂಗೆ."

"ಶೆಪ್, ನಾನೇನು ಕಿವುಡನಲ್ಲ ಅಂತ ಹೇಳು."

ಶೆಪ್ ಇಬ್ಬರ ಮುಖವನ್ನೂ ನೋಡಿ ಬಾಲ ಆಡಿಸುತ್ತಿತ್ತು. ನಮ್ಮ ಪಾದ್ರಿಗಿಂತ ನಿಷ್ಪಕ್ಷಪಾತಿ.

ಶುಕ್ರವಾರ ಪಿಂಚಣಿಯ ದಿನ. ಬಾರ್ನಿ ಅಂಚೆ ಕಚೇರಿಗೆ ಹೋಗಿ, ಪಿಂಚಣಿ ಪುಸ್ತಕದ ಚೀಟಿಗೆ ಸಹಿ ಹಾಕಿ ಹಣ ತರುತ್ತಿದ್ದ. ಹೆಂಡತಿಯ ಪಾಲೂ ಅದರಲ್ಲೇ ಸೇರಿ ಬರುತ್ತಿತ್ತು. ನಲವತ್ತೊಂದು ವರ್ಷ ಹಾಲು ಕರೆದು, ಕರು ಸಾಕಿ, ಹುಲ್ಲು ಒಟ್ಟಿದವಳ ಹೆಸರಲ್ಲಿ ಸರ್ಕಾರಕ್ಕೆ ಒಂದೇ ಒಂದು ಕಂತು ಸಂದಿರಲಿಲ್ಲ. ಕಟ್ಟಿದ್ದೆಲ್ಲ ಅವನ ಹೆಸರಲ್ಲಿ. ಹಾಗಾಗಿ ಸರ್ಕಾರದ ಲೆಕ್ಕದಲ್ಲಿ ಅವಳು ಅವನ ಆಶ್ರಿತೆ. ನಾಲ್ಕು ಗಂಟೆಗೆ ಅವನು ಅಡುಗೆಮನೆಗೆ ಬಂದು, ನೀಲಿ ಜಗ್ಗನ್ನು ಎತ್ತಿ, ಕೆಳಗೆ ನೋಟಿಟ್ಟು, ಠಕ್ ಎಂದು ಇಡುತ್ತಿದ್ದ.

"ಶೆಪ್, ಅಲ್ಲಿದೆ ಅಂತ ಹೇಳು."

ಆ ಠಕ್ ಕೇಳಿದರೆ ಅಟ್ರಾಕ್ಟಾಳಿಗೆ ಮೈಯೆಲ್ಲ ಉರಿ. ಕೋಳಿಗೆ ಕಾಳು ಎರಚಿದ ಹಾಗೆ!

ಅಂಚೆ ಕಚೇರಿಯ ಡಿಂಪ್ನಾ ಒಂದು ದಿನ ಅರ್ಜಿ ಚಾಚಿದಳು. "ನಿನ್ನ ಪಾಲು ನಿನ್ನ ಹೆಸರಿಗೇ ಬರೋ ಹಾಗೆ ಮಾಡ್ಕೋಬಹುದು ಕಣೇ. ಯಜಮಾನರದ್ದೊಂದು ಸಹಿ ಬೇಕು."

"ಅಂದ್ರೆ ಅವನ ಹತ್ರ ಕೇಳ್ಬೇಕಾ?"

"ಮತ್ತೆ? ನಾಯಿ ಸಹಿ ನಡೆಯಲ್ಲಮ್ಮಾ."

ಅಟ್ರಾಕ್ಟಾ ಕೇಳಲಿಲ್ಲ. ಅರ್ಜಿಯನ್ನು ಅದೇ ಜಗ್ಗಿನ ಕೆಳಗಿಟ್ಟು, "ಶೆಪ್, ಅಲ್ಲಿದೆ ಅಂತ ಹೇಳು" ಎಂದಳು. ಮೂರು ದಿನ ಅದು ಅಲ್ಲಾಡಲಿಲ್ಲ. ಅವನು ಒಲ್ಲೆ ಎಂದರೆ ಹೇಳಬೇಕಾದ್ದನ್ನೆಲ್ಲ ಅವಳು ಪಾತ್ರೆ ತೊಳೆಯುತ್ತ ಜೋಡಿಸಿಕೊಂಡಳು. ಒಂಬತ್ತು ವರ್ಷದ ಸರಕು. ನಾಯಿಯ ಮೂಲಕ ಸಾಗಿಸುವಂಥದ್ದಲ್ಲ, ಎದುರಾಬದುರು ನಿಂತೇ ಹೇಳಬೇಕಿತ್ತು.

ಭಾನುವಾರ ಚರ್ಚಿನಿಂದ ಬಂದು ನೋಡಿದರೆ ಸಹಿ ಬಿದ್ದಿತ್ತು. ಅವಳ ಹುಟ್ಟಿದ ದಿನವನ್ನೂ ಮದುವೆಯ ದಿನವನ್ನೂ ಅವನೇ ತುಂಬಿದ್ದ. ಮದುವೆ ಹದಿನೆಂಟನೇ ತಾರೀಖಲ್ಲವೇ, ಇವನು ಹತ್ತೊಂಬತ್ತು ಬರೆದಿದ್ದಾನಲ್ಲ ಎಂದು ಅವಳು ಖುಷಿಯಿಂದ, ಆ ದಿನ ಬರೆದಿಟ್ಟಿದ್ದ ಪ್ರಾರ್ಥನಾ ಪುಸ್ತಕ ತೆಗೆದು ನೋಡಿದಳು. ಹತ್ತೊಂಬತ್ತೇ. ಜಗಳಕ್ಕೆ ಅಷ್ಟು ಜಾಗವನ್ನೂ ಬಿಟ್ಟಿರಲಿಲ್ಲ ಪುಣ್ಯಾತ್ಮ.

ಎರಡು ತಿಂಗಳಿಗೆ ಅವಳ ಹೆಸರಿನ ಪಿಂಚಣಿ ಪುಸ್ತಕ ಬಂತು. ಮೊದಲ ಶುಕ್ರವಾರ ಅವಳು ಭಾನುವಾರದ ಕೋಟು ಹಾಕಿಕೊಂಡು ಹೋಗಿ, ಸಹಿ ಹಾಕಿ, ಸ್ವಂತ ಹಣ ತಂದಳು. ಬರುವ ದಾರಿಯಲ್ಲಿ ಅರ್ಧ ಪೌಂಡು ತೂಕದ ಹಂದಿಮಾಂಸ ಕೊಂಡಳು. ನಾಲ್ಕು ಗಂಟೆಗೆ ಬಾರ್ನಿ ಬಂದ. ಚಹಾ ಕುಡಿದ. ಜಗ್ಗಿನ ಮುಂದೆಯೇ ಹಾದು ತನ್ನ ಕೋಣೆಗೆ ಹೋದ. ಶೆಪ್ ಅತ್ತ ಒಮ್ಮೆ, ಇತ್ತ ಒಮ್ಮೆ ನೋಡಿ ಒಲೆಯ ಪಕ್ಕ ಮುದುಡಿತು.

ಅವಳಿಗೆ ಆಗ ಗೊತ್ತಾಯಿತು, ವಾರಕ್ಕೊಮ್ಮೆ ತಪ್ಪದೆ ಬರುತ್ತಿದ್ದ ಮಾತು ಜಗ್ಗಿನ ಆ ಠಕ್ ಒಂದೇ ಎಂದು.

ಮುಂದಿನ ಶುಕ್ರವಾರ ಅವಳೇ ಹತ್ತು ಯೂರೋ ಜಗ್ಗಿನ ಕೆಳಗಿಟ್ಟಳು. "ಶೆಪ್, ಅಲ್ಲಿದೆ ಅಂತ ಹೇಳು. ಮನೆ ಖರ್ಚಿಗೆ."

ಕೋಣೆಯ ಬಾಗಿಲು ಒಂದು ಗೇಣು ತೆರೆಯಿತು. ಅವಳು ಅತ್ತ ತಿರುಗಿದಳು.

"ಶೆಪ್, ಅದು ಅವಳದು, ಅವಳೇ ಇಟ್ಕೊಳ್ಳಲಿ ಅಂತ ಹೇಳು," ಎಂದ ಬಾರ್ನಿ. ದನಿಯಲ್ಲಿ ಸಿಟ್ಟಿರಲಿಲ್ಲ. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

"ಸ್ವಂತ ದುಡ್ಡು ಹೇಗಿದೆಯಮ್ಮಾ?" ಎಂದು ಡಿಂಪ್ನಾ ಕೇಳಿದರೆ ಅಟ್ರಾಕ್ಟಾ, "ಚೆನ್ನಾಗಿದೆ ಕಣೇ, ಯಾರ ಹಂಗೂ ಇಲ್ಲ," ಎನ್ನುತ್ತಾಳೆ. ಮನೆಗೆ ಬಂದು, ನಾಲ್ಕು ಗಂಟೆಗೆ ಜಗ್ಗನ್ನು ಎತ್ತಿ, ಕೆಳಗೇನೂ ಇಡದೆ, ಠಕ್ ಎಂದು ಇಡುತ್ತಾಳೆ. ಶೆಪ್ ಕಿವಿ ನಿಮಿರಿಸಿ ಸ್ವಲ್ಪ ಹೊತ್ತು ಕಾಯುತ್ತದೆ. ಆಮೇಲೆ ಮತ್ತೆ ಮಲಗುತ್ತದೆ.