ಶುಭ ಶುಕ್ರವಾರದ ಗಂಜಿ

ತರೀಕೆರೆಯಲ್ಲಿ ರವಿಕೆ ಹೊಲಿಯುವ ಲೂರ್ದಮ್ಮ ಹನ್ನೊಂದು ವರ್ಷದಿಂದ ಮಂಗಳವಾರ, ಶುಕ್ರವಾರ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಹೋಗುತ್ತಾಳೆ. ತಾಯಂದಿರು ಊರಿಗೆ ಹೋಗಿ ದನಕ್ಕೆ ಮೇವು ಹಾಕಿ ಬರುವವರೆಗೆ ಮಗುವಿನ ಪಕ್ಕದ ಸ್ಟೂಲಿನಲ್ಲಿ ಅವಳು ಕೂತಿರುತ್ತಾಳೆ.

"ಕಾಯಿಲೆಯವ್ರನ್ನ ನೋಡ್ಕೊಂಡ್ರೆ ನನ್ನನ್ನೇ ನೋಡ್ಕೊಂಡಂಗೆ ಅಂತ ಯೇಸುಸ್ವಾಮಿ ಹೇಳವ್ರೆ, ಅದ್ಕೆ ಹೋಗ್ತೀನಿ" ಅನ್ನುತ್ತಾಳೆ. ಹಾಗೆನ್ನುವಾಗ ಅವಳ ಮುಖದಲ್ಲಿ ಏನೂ ಕಾಣುವುದಿಲ್ಲ. ಮನೆಗೆ ಹೋದ ಮಕ್ಕಳನ್ನೂ ಹೋಗದೆ ಉಳಿದ ಮಕ್ಕಳನ್ನೂ ನೋಡಿ ಮರಗಟ್ಟಿದ ಮುಖ ಅದು.

ಈ ವರ್ಷ ಯೇಸು ಶಿಲುಬೆಯಲ್ಲಿ ಸತ್ತ ಶುಭ ಶುಕ್ರವಾರದ ದಿನ ಅವಳು ಎಂದಿನಂತೆ ಉಪವಾಸವಿದ್ದಳು. ವಾರ್ಡಿನಲ್ಲಿ ಶಿವನಿ ಊರಿನ ಏಳು ವರ್ಷದ ಹುಡುಗಿ ಧನುಶ್ರೀ ಮೂರು ದಿನದಿಂದ ಬಾಯಿಗೆ ಏನೂ ಇಟ್ಟಿರಲಿಲ್ಲ. ಸಂಜೆಯೊಳಗೆ ಉಣ್ಣದಿದ್ದರೆ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಕಳಿಸಬೇಕಾಗುತ್ತದೆ ಎಂದಿದ್ದರು ಡಾಕ್ಟರು.

ಲೂರ್ದಮ್ಮ ಗಂಜಿಯ ಚಮಚ ಮುಂದೆ ಹಿಡಿದಳು.

"ನೀನು ಉಂಡ್ಯಾ ಅಜ್ಜಿ?"

"ಇವತ್ತು ನಮ್ಗೆ ಉಪವಾಸ ಕಣೇ."

"ಹಂಗಾದ್ರೆ ನಂಗೂ ಉಪವಾಸ."

ಲೂರ್ದಮ್ಮ ಆ ಚಮಚವನ್ನು ತನ್ನ ಬಾಯಿಗೇ ಇಟ್ಟುಕೊಂಡಳು. ಮುಂದಿನದು ಹುಡುಗಿಗೆ, ಆಮೇಲಿನದು ತನಗೆ. ಬಟ್ಟಲು ಖಾಲಿಯಾಯಿತು. ಹುಡುಗಿಯನ್ನು ಶಿವಮೊಗ್ಗಕ್ಕೆ ಕಳಿಸಲಿಲ್ಲ.

"ಉಪವಾಸ ಮುರಿದ್ಯಲ್ಲ, ಪಾಪ ಅನ್ನಿಸ್ಲಿಲ್ವಾ?" ಎಂದು ಆಮೇಲೊಂದು ದಿನ ನಾನು ಕೇಳಿದೆ.

"ಏನೂ ಅನ್ನಿಸ್ಲಿಲ್ಲ ಕಣಣ್ಣಾ. ಗಂಜಿಗೆ ಉಪ್ಪಿರ್ಲಿಲ್ಲ."

ಈ ಆಸ್ಪತ್ರೆಗೆ ಮಕ್ಕಳ ಡಾಕ್ಟರು ಬೇಕೆಂದು ಹಿಂದೆ ರಸ್ತೆಯಲ್ಲಿ ಧರಣಿ ಕೂತ ಊರಿನವರು ನಾವ್ಯಾರೂ ಒಂದು ಮಗುವಿನ ಪಕ್ಕ ಕೂತಿರಲಿಲ್ಲ. ವಾರದ ಉಳಿದ ಐದು ದಿನ ಆ ಸ್ಟೂಲು ಖಾಲಿ. ಬುಧವಾರ ನಾನು ಹೋಗುತ್ತೇನೆ. ನೀವು ಯಾವ ದಿನ ಬರುತ್ತೀರಿ? ದಿನ ಹೇಳಿ.